ಪಾಳಿ ಮುಗಿದ ಮೇಲೆ ನಿಮ್ಮ ಒಪ್ಪಿಗೆ ಬೇಕು: ಕಡ್ಡಾಯ ಓಟಿಗೆ ‘ಬೇಡ’ ಅನ್ನುವುದು ಹೇಗೆ

ಸಂಜೆ ಐದಕ್ಕೆ ಇನ್ನು ಹತ್ತು ನಿಮಿಷ ಇರುವಾಗ ಮುಕಾದಮರು (ಕೆಲಸ ಮಾಡಿಸುವ ಮೇಸ್ತ್ರಿ) ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. "ಇನ್ನೊಂದು ಗಾಡಿ ಬಂತು. ಯಾರೂ ಹೋಗೂಕಿಲ್ಲ." ಅಷ್ಟೇ ಮಾತು. ಬೆಳಿಗ್ಗೆಯಿಂದ ಸೀಗಡಿ ಸುಲಿಯುತ್ತ ಮೇಜಿನ ಮುಂದೆ ನಿಂತಿದ್ದ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಬ್ಬರಿಗೆ ಕೊನೆಯ ಬಸ್ಸಿನ ಚಿಂತೆ. ಇನ್ನೊಬ್ಬರಿಗೆ ಪಕ್ಕದ ಮನೆಯಲ್ಲಿ ಬಿಟ್ಟು ಬಂದ ಮಗುವಿನ ಚಿಂತೆ. ಯಾರೂ ಏನೂ ಹೇಳುತ್ತಿರಲಿಲ್ಲ. ಮತ್ತೆ ಕೈ ಐಸಿನೊಳಗೆ ಹೋಗುತ್ತಿತ್ತು.

ಕಾರವಾರ ಮತ್ತು ಅಂಕೋಲೆ ನಡುವಿನ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಆರು ವರ್ಷ ಹಾಜರಿ ಬರೆದವಳು ನಾನು. ನಾನು ಬರೆದ ಹಾಜರಿ ಪುಸ್ತಕದಲ್ಲಿ ಎಲ್ಲರೂ ದಿನಾ ಸರಿಯಾಗಿ ಐದಕ್ಕೆ ಮನೆಗೆ ಹೋಗಿದ್ದಾರೆ. ಏಳೂವರೆಗೆ, ಎಂಟಕ್ಕೆ ಹೋದವರ ಲೆಕ್ಕ ಬೇರೊಂದು ಉದ್ದ ನೋಟ್‌ಬುಕ್ಕಿನಲ್ಲಿತ್ತು. ತಿಂಗಳ ಕೊನೆಗೆ ಆ ಗಂಟೆಗಳಿಗೆ ಒಂಟಿ ದರದಲ್ಲಿ, ಅಂದರೆ ಮಾಮೂಲಿ ಗಂಟೆಯ ದರದಲ್ಲೇ, ಹಣ ಎಣಿಸಿ ಕೈಗೆ ಕೊಡುತ್ತಿದ್ದರು. ಇದು ತಪ್ಪು ಅಂತ ನನಗೆ ಗೊತ್ತಿತ್ತು. ಎಷ್ಟು ತಪ್ಪು, ಕಾನೂನಿನಲ್ಲಿ ಏನಿದೆ ಅನ್ನುವುದು ಆಗ ಗೊತ್ತಿರಲಿಲ್ಲ. ಆಮೇಲೆ ಓದಿ, ಕಚೇರಿಗಳಿಗೆ ಓಡಾಡಿ ತಿಳಿದುಕೊಂಡೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಓಟಿಗೆ (ಓವರ್‌ಟೈಮ್, ಪಾಳಿ ಮುಗಿದ ಮೇಲಿನ ಹೆಚ್ಚುವರಿ ಕೆಲಸಕ್ಕೆ) ನಿಲ್ಲುವುದಿಲ್ಲ ಅನ್ನುವ ಹಕ್ಕು ಕಾನೂನಿನಲ್ಲಿದೆ. ಆದರೆ ಆ ಹಕ್ಕು ಬಾಯಿಮಾತಿನಲ್ಲಿ ಉಳಿಯುವುದಿಲ್ಲ. ನೀವು ಎಷ್ಟು ಗಂಟೆ ದುಡಿದಿರಿ, ಯಾವತ್ತು ಬೇಡ ಅಂದಿರಿ ಅನ್ನುವುದು ನಿಮ್ಮ ಕೈಬರಹದಲ್ಲಿ ಇರಬೇಕು. ಮಾಲೀಕರ ಪುಸ್ತಕ ಹೇಗೆ ಬರೆಯುತ್ತಾರೆ ಅಂತ ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೆಜ್ಜೆ 1: ನಿಮ್ಮ ಕೆಲಸಕ್ಕೆ ಯಾವ ಕಾನೂನು ಅಂತ ತಿಳಿದುಕೊಳ್ಳಿ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಬಂದಿದೆ. ಹೆಸರು ಉದ್ದ. ನಮಗೆ ಬೇಕಾದದ್ದು ಅದರ ಮೂರು ಕಲಂ ಮಾತ್ರ.

ಕಲಂ 25ರ ಪ್ರಕಾರ ದಿನಕ್ಕೆ 8 ಗಂಟೆಗಿಂತ ಜಾಸ್ತಿ ಕೆಲಸ ಹೇಳುವ ಹಾಗಿಲ್ಲ. ಹಳೆಯ ಕಾಯ್ದೆಯಲ್ಲಿ ಇದು 9 ಗಂಟೆ ಇತ್ತು. ಕಲಂ 26ರ ಪ್ರಕಾರ ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ದುಡಿಸುವ ಹಾಗಿಲ್ಲ. ಕಲಂ 27 ಎಲ್ಲಕ್ಕಿಂತ ಮುಖ್ಯ. ಹೆಚ್ಚುವರಿ ಕೆಲಸಕ್ಕೆ ಎರಡು ಪಟ್ಟು ಕೂಲಿ ಕೊಡಬೇಕು, ಮತ್ತು ಕಾರ್ಮಿಕರ ಒಪ್ಪಿಗೆ ಇದ್ದರೆ ಮಾತ್ರ ಹೆಚ್ಚುವರಿ ಕೆಲಸಕ್ಕೆ ನಿಲ್ಲಿಸಬಹುದು ಅಂತ ಅದು ಹೇಳುತ್ತದೆ. ‘ಆ ಕೆಲಸಕ್ಕೆ ಆ ಕಾರ್ಮಿಕರ ಒಪ್ಪಿಗೆ’ ಅನ್ನುವ ಅರ್ಥದಲ್ಲಿ ಅಲ್ಲಿ ಮಾತಿದೆ. ಅಂದರೆ ನಿನ್ನೆ ಒಪ್ಪಿದ್ದೀರಿ ಅಂತ ಇವತ್ತೂ ಒಪ್ಪಿದ ಹಾಗೆ ಆಗುವುದಿಲ್ಲ. ಪಕ್ಕದ ಮೇಜಿನ ಅಕ್ಕ ಒಪ್ಪಿದರೆ ನೀವು ಒಪ್ಪಿದ ಹಾಗೂ ಆಗುವುದಿಲ್ಲ. ನಾನು ಇದನ್ನು ಹೀಗೇ ಓದುತ್ತೇನೆ, ನೀವೂ ಹೀಗೇ ವಾದಿಸಿ.

ಈ ಸಂಹಿತೆ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಅನ್ವಯಿಸುತ್ತದೆ. ಕರಾವಳಿಯ ಮೀನು ಘಟಕಗಳು, ದೊಡ್ಡ ಐಸ್ ಪ್ಲಾಂಟು, ಕುಮಟೆ ಹೊನ್ನಾವರದ ಗೇರುಬೀಜ ಕಾರ್ಖಾನೆಗಳು, ದಾಂಡೇಲಿ ಕಡೆಯ ದೊಡ್ಡ ಕಾರ್ಖಾನೆಗಳು, ಕಟ್ಟಡ ಕೆಲಸದ ಸೈಟುಗಳು ಇದರಲ್ಲಿ ಬರುತ್ತವೆ. ಕಾಂಟ್ರ್ಯಾಕ್ಟರ್ ಕೈಕೆಳಗೆ ದುಡಿಯುವವರೂ ಬರುತ್ತಾರೆ. ಕಾಂಟ್ರ್ಯಾಕ್ಟರ್ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರೇ ಕೊಡಬೇಕು. ಒಡಿಶಾ, ಜಾರ್ಖಂಡ್, ಬಂಗಾಳದಿಂದ ಬಂದು ಇಲ್ಲಿ ದುಡಿಯುವ ಹುಡುಗರಿಗೂ ಇದೇ ಕಾನೂನು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನೀವು ಓದಿ ಅವರಿಗೆ ಹೇಳಿದರೆ ದೊಡ್ಡ ಉಪಕಾರ.

ಅಂಗಡಿ, ಹೋಟೆಲು, ಲಾಡ್ಜು, ರೆಸಾರ್ಟು, ಬಟ್ಟೆ ಮಳಿಗೆಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆ. ಓಟಿ ಸೇರಿಸಿದರೂ ದಿನಕ್ಕೆ 10 ಗಂಟೆ ದಾಟಬಾರದು. ದಾಸ್ತಾನು ಎಣಿಸುವ ದಿನ, ಲೆಕ್ಕಪತ್ರ ಮಾಡುವ ದಿನ ಮಾತ್ರ ಸಡಿಲಿಕೆ. ಮೂರು ತಿಂಗಳಿಗೆ ಒಟ್ಟು ಓಟಿ 50 ಗಂಟೆ. ದರ ಇಲ್ಲೂ ಎರಡು ಪಟ್ಟು. 2025ರಲ್ಲಿ ದಿನದ ಅವಧಿಯನ್ನು 10 ಗಂಟೆಗೆ ಏರಿಸುವ ಪ್ರಸ್ತಾಪವನ್ನು ರಾಜ್ಯ ಸರ್ಕಾರ ಮುಂದಿಟ್ಟಾಗ ಕಾರ್ಮಿಕ ಸಂಘಟನೆಗಳು ಗಟ್ಟಿಯಾಗಿ ವಿರೋಧಿಸಿದವು. ಈ ಅಂಕಿಗಳು ಹೀಗೆ ಆಗಾಗ ಚರ್ಚೆಗೆ ಬರುತ್ತವೆ. ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋದಾಗ ಇವತ್ತಿನ ಮಿತಿ ಎಷ್ಟು ಅಂತ ಕೇಳಿಕೊಂಡು ಬನ್ನಿ.

ಗೋಕರ್ಣ, ಮುರ್ಡೇಶ್ವರದ ಹೋಟೆಲುಗಳಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಏಳರಿಂದ ಹನ್ನೊಂದು, ಮತ್ತೆ ಸಂಜೆ ಐದರಿಂದ ರಾತ್ರಿ ಹನ್ನೊಂದು. ಮಧ್ಯೆ ಬಿಡುವಿದೆಯಲ್ಲ ಅನ್ನುತ್ತಾರೆ. ಆದರೆ ಮೊದಲ ಗಂಟೆಯಿಂದ ಕೊನೆಯ ಗಂಟೆವರೆಗಿನ ಹರವು 12 ಗಂಟೆ ದಾಟಬಾರದು ಅಂತ 1961ರ ಕಾಯ್ದೆಯಲ್ಲೇ ಇದೆ. ಏಳರಿಂದ ಹನ್ನೊಂದು ಅಂದರೆ 16 ಗಂಟೆ. ಮಧ್ಯೆ ಎಷ್ಟು ಬಿಡುವು ಕೊಟ್ಟರೂ ಅದು ತಪ್ಪೇ. ರೂಮಿನಲ್ಲೇ ಮಲಗಿರುವ ಹುಡುಗರನ್ನು ಮಧ್ಯಾಹ್ನವೂ ಎಬ್ಬಿಸಿ ಕೆಲಸ ಹೇಳುತ್ತಾರೆ. ಆ ಗಂಟೆಗಳನ್ನೂ ಬರೆದಿಡಿ.

ಈ ಕಾನೂನುಗಳ ಹೊರಗೆ ಉಳಿಯುವವರೂ ಇದ್ದಾರೆ. ಶಿರಸಿ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಸಮಯದಲ್ಲಿ ಮನೆಯಂಗಳದಲ್ಲಿ ರಾತ್ರಿ ಕೂತು ಅಡಿಕೆ ಸುಲಿಯುವವರಿಗೆ ಕಾರ್ಖಾನೆಯ ಗಂಟೆಗಳ ಲೆಕ್ಕ ಬರುವುದಿಲ್ಲ. ಪಾಲಿನ ಲೆಕ್ಕದಲ್ಲಿ ಬೋಟಿಗೆ ಹೋಗುವವರ ಸ್ಥಿತಿಯೂ ಹಾಗೇ. ಅವರ ವಿಷಯ ಬೇರೆಯಾಗಿಯೇ ಬರೆಯಬೇಕಾದದ್ದು. ಆದರೆ ಅದೇ ಅಡಿಕೆ ವಖಾರಿಗೆ ಬಂದ ಮೇಲೆ ಅಲ್ಲಿ ಕೂಲಿಗೆ ಆರಿಸುವವರು, ಮೂಟೆ ಹೊರುವವರು ಕಾನೂನಿನ ಒಳಗೇ ಇದ್ದಾರೆ.

ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆ, ರೈಲ್ವೆ, ಇಲ್ಲಿ ಕಾಂಟ್ರ್ಯಾಕ್ಟಿನ ಮೇಲೆ ದುಡಿಯುವವರು ಒಂದು ವಿಷಯ ನೆನಪಿಡಿ. ಹಕ್ಕು ಅದೇ, ಕಚೇರಿ ಬೇರೆ. ನಿಮ್ಮ ದೂರು ರಾಜ್ಯದ ಕಾರ್ಮಿಕ ಇಲಾಖೆಗೆ ಅಲ್ಲ, ಕೇಂದ್ರದ ಕಾರ್ಮಿಕ ಆಯುಕ್ತರ ವ್ಯವಸ್ಥೆಗೆ ಹೋಗಬೇಕು. ಅದಕ್ಕೆ ‘ಸಮಾಧಾನ್’ ಅನ್ನುವ ಜಾಲತಾಣ ಇದೆ.

‘ಸೂಪರ್‌ವೈಸರ್’ ಅನ್ನುವ ಬ್ಯಾಡ್ಜು

ಇದನ್ನು ಬೇರೆಯಾಗಿ ಹೇಳಬೇಕು. ಆಡಳಿತ ನೋಡಿಕೊಳ್ಳುವವರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಗಾರ ಇರುವ ಮೇಲ್ವಿಚಾರಕರು ‘ಕಾರ್ಮಿಕ’ ಅನ್ನುವ ಅರ್ಥದೊಳಗೆ ಬರುವುದಿಲ್ಲ. ಇದನ್ನೇ ಹಿಡಿದುಕೊಂಡು ಕೆಲವು ಕಡೆ ಎಲ್ಲರ ಕೊರಳಿಗೂ ಸೂಪರ್‌ವೈಸರ್ ಬ್ಯಾಡ್ಜು ಹಾಕುತ್ತಾರೆ. ಆಮೇಲೆ ನಿಮಗೆ ಓಟಿ ಇಲ್ಲ ಅನ್ನುತ್ತಾರೆ. ಬ್ಯಾಡ್ಜಿನಲ್ಲಿ ಏನಿದೆ ಅನ್ನುವುದಕ್ಕಿಂತ ದಿನವಿಡೀ ನೀವು ಏನು ಮಾಡುತ್ತೀರಿ ಅನ್ನುವುದು ಮುಖ್ಯ. ಬಿಲ್ ಹಾಕುವುದು, ರೂಮು ಗುಡಿಸುವುದು, ಬಾಕ್ಸು ಎತ್ತುವುದು ನಿಮ್ಮ ಕೆಲಸವಾದರೆ ನೀವು ಕಾರ್ಮಿಕರೇ. ದಿನದ ಕೆಲಸ ಏನೇನು ಅಂತ ಒಂದು ವಾರ ಬರೆದಿಡಿ.

ಹೆಜ್ಜೆ 2: ಇವತ್ತಿನಿಂದಲೇ ನಿಮ್ಮ ಹಾಜರಿ ನೀವೇ ಬರೆಯಿರಿ

ನಮ್ಮ ಘಟಕದಲ್ಲಿ ಅಂಕೋಲೆ ಕಡೆಯ ಒಬ್ಬ ಅಕ್ಕ ಇದ್ದರು. ಶಾಲೆ ಓದಿದ್ದು ನಾಲ್ಕನೇ ಇಯತ್ತೆವರೆಗೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅದೇ ಚೌಕದ ಕೆಳಗೆ ತಾವು ಘಟಕದಿಂದ ಹೊರಟ ಗಂಟೆಯನ್ನೂ ಬರೆಯುತ್ತಿದ್ದರು. ‘7.30’, ‘8’, ‘7.45’, ಹೀಗೆ. ಬಸ್ಸು ತಪ್ಪಿ ರಿಕ್ಷಾದಲ್ಲಿ ಹೋದ ದಿನ ರಿಕ್ಷಾ ಬಾಡಿಗೆಯೂ ಅಲ್ಲೇ. ಎರಡು ವರ್ಷದ ಕ್ಯಾಲೆಂಡರು ಎತ್ತಿಟ್ಟಿದ್ದರು. ಕೊನೆಗೊಂದು ದಿನ ಅದನ್ನು ಸುತ್ತಿಕೊಂಡು ಕಾರ್ಮಿಕ ಕಚೇರಿಗೆ ಹೋದರು.

ವಿಚಾರಣೆಗೆ ನನ್ನನ್ನೂ ಕರೆದರು. ಎದುರಿಗೆ ನಾನು ಬರೆದ ಪುಸ್ತಕ, ಪಕ್ಕದಲ್ಲಿ ಅಕ್ಕನ ಕ್ಯಾಲೆಂಡರು. ನನ್ನ ಪುಸ್ತಕದಲ್ಲಿ ಎರಡು ವರ್ಷವೂ ‘5.00’, ‘5.00’, ‘5.00’. ಒಂದೇ ಕೈ, ಒಂದೇ ಪೆನ್ನು. ನಿಜವಾಗಿ ದುಡಿಯುವ ಮನುಷ್ಯರ ಹಾಜರಿ ಹಾಗೆ ಇರುವುದಿಲ್ಲ. ಅಕ್ಕನ ಕ್ಯಾಲೆಂಡರಿನಲ್ಲಿ ಜ್ವರ ಬಂದ ದಿನ ಇತ್ತು, ಬಂಡಿಹಬ್ಬಕ್ಕೆ ರಜೆ ಹಾಕಿದ ದಿನ ಇತ್ತು, ಜೂನ್ ಜುಲೈ ತಿಂಗಳು ಮೀನುಗಾರಿಕೆ ನಿಷೇಧದಲ್ಲಿ ಬೇಗ ಬಿಟ್ಟ ದಿನಗಳೂ ಇದ್ದವು. ಯಾವುದು ನಿಜ ಅಂತ ಕೇಳಿದರು. ನಾನು ಉದ್ದ ನೋಟ್‌ಬುಕ್ಕಿನ ವಿಷಯ ಹೇಳಿದೆ. ನನ್ನ ಕೆಲಸ ಹೋಯಿತು. ಅಕ್ಕನಿಗೆ ಬಾಕಿ ಹಣ ಬಂತು.

ಹಾಗಾಗಿ ದೊಡ್ಡ ತಯಾರಿ ಏನೂ ಬೇಡ. ಒಂದು ಚಿಕ್ಕ ಡೈರಿ ಅಥವಾ ಗೋಡೆಯ ಕ್ಯಾಲೆಂಡರು ಸಾಕು. ದಿನಾ ನಾಲ್ಕು ಸಂಗತಿ ಬರೆಯಿರಿ: ಒಳಗೆ ಹೋದ ಗಂಟೆ, ಊಟಕ್ಕೆ ಬಿಟ್ಟ ಹೊತ್ತು, ಹೊರಗೆ ಬಂದ ಗಂಟೆ, ನಿಲ್ಲಲು ಹೇಳಿದವರು ಯಾರು. ಅದೇ ದಿನ ಬರೆಯಬೇಕು. ತಿಂಗಳಿಗೊಮ್ಮೆ ನೆನಪು ಮಾಡಿಕೊಂಡು ಬರೆದರೆ ನನ್ನ ಪುಸ್ತಕದ ಹಾಗೆಯೇ ಕಾಣುತ್ತದೆ. ಬಸ್ ಟಿಕೆಟ್ಟಿನ ಮೇಲೆ ಹೊತ್ತು ಅಚ್ಚಾಗಿರುತ್ತದೆ, ಅದನ್ನು ಎಸೆಯಬೇಡಿ. ಅಚ್ಚು ಬೇಗ ಮಾಸುತ್ತದೆ, ಫೋಟೋ ತೆಗೆದಿಡಿ. "ಇವತ್ತು ಲೇಟು, ಅನ್ನಕ್ಕೆ ಇಡು" ಅಂತ ಮನೆಗೆ ಕಳಿಸಿದ ವಾಟ್ಸಾಪ್ ಸಂದೇಶವೂ ಸಾಕ್ಷಿಯೇ. ಮುಕಾದಮರು ಗುಂಪಿನಲ್ಲಿ "ನಾಳೆ ಎಲ್ಲರೂ ಎಂಟರವರೆಗೆ" ಅಂತ ಹಾಕಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಮನೆಯವರೊಬ್ಬರಿಗೆ ಕಳಿಸಿಡಿ.

ಪಗಾರ ಚೀಟಿ ಕೇಳಿ. ಆ ನಾಲ್ಕು ಸಂಹಿತೆಗಳಲ್ಲಿ ಇನ್ನೊಂದಾದ ಕೂಲಿ ಸಂಹಿತೆಯ ಪ್ರಕಾರ ಅದನ್ನು ಕೊಡಲೇಬೇಕು. ನೇಮಕಾತಿ ಪತ್ರವನ್ನೂ ಕೊಡಬೇಕು. ಕೊಡದಿದ್ದರೆ ‘ಕೇಳಿದೆ, ಕೊಡಲಿಲ್ಲ’ ಅಂತ ದಿನಾಂಕ ಹಾಕಿ ಡೈರಿಯಲ್ಲಿ ಬರೆಯಿರಿ. ಬಾಕಿ ಕೂಲಿಯ ದೂರು ಕೊಟ್ಟ ಮೇಲೆ ಹಣ ಕೊಟ್ಟಿದ್ದೇವೆ ಅಂತ ತೋರಿಸುವ ಹೊಣೆ ಮಾಲೀಕರದ್ದು. ಆದರೆ ಇಷ್ಟು ಗಂಟೆ ದುಡಿದೆ ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ಏನಾದರೂ ಇದ್ದರೆ ಮಾತಿಗೆ ತೂಕ ಬರುತ್ತದೆ.

ಹೆಜ್ಜೆ 3: ಲೆಕ್ಕ ಹಾಕಿ ನೋಡಿ

ಲೆಕ್ಕ ಸುಲಭ. ತಿಂಗಳ ಪಗಾರ 15,600 ರೂಪಾಯಿ ಅಂತ ಇಟ್ಟುಕೊಳ್ಳಿ. ವಾರದ ರಜೆ ಬಿಟ್ಟು ತಿಂಗಳಿಗೆ 26 ದಿನ. ದಿನಕ್ಕೆ 600 ಆಯಿತು. ಎಂಟು ಗಂಟೆಯಿಂದ ಭಾಗಿಸಿದರೆ ಗಂಟೆಗೆ 75. ಓಟಿಗೆ ಎರಡು ಪಟ್ಟು ಅಂದರೆ ಗಂಟೆಗೆ 150.

ಈಗ ತಿಂಗಳಲ್ಲಿ 20 ದಿನ, ದಿನಕ್ಕೆ ಎರಡು ಗಂಟೆ ನಿಂತಿರಿ. 40 ಗಂಟೆ. ಬರಬೇಕಾದದ್ದು 6,000. ಒಂಟಿ ದರದಲ್ಲಿ ಕೊಟ್ಟರೆ ಬಂದದ್ದು 3,000. ತಿಂಗಳಿಗೆ 3,000 ಕಡಿಮೆ. ಬಾಕಿ ಕೂಲಿಗೆ ಮೂರು ವರ್ಷ ಹಿಂದಿನವರೆಗೆ ಅರ್ಜಿ ಹಾಕಲು ಈಗ ಅವಕಾಶ ಇದೆ. ಮೊದಲು ಕೂಲಿ ಪಾವತಿ ಕಾಯ್ದೆಯಲ್ಲಿ ಒಂದೇ ವರ್ಷ ಇತ್ತು. ಮೂರು ವರ್ಷಕ್ಕೆ 1,08,000 ರೂಪಾಯಿ. ಒಂದು ಮನೆಯ ಮಾಡು ಹೊಚ್ಚಿಸುವಷ್ಟು ಹಣ. ಅರ್ಜಿ ವಿಚಾರಿಸುವ ಅಧಿಕಾರಿ ಬಾಕಿ ಹಣದ ಮೇಲೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಹತ್ತು ಪಟ್ಟು ಸಿಕ್ಕೇ ಸಿಗುತ್ತದೆ ಅಂತ ಅಲ್ಲ, ಮೇಲಿನ ಮಿತಿ ಅದು.

ಊಟದ ಅರ್ಧ ಗಂಟೆಯನ್ನು ಕೆಲಸದ ಗಂಟೆಯಲ್ಲಿ ಸೇರಿಸಬೇಡಿ. ಎಂಟೂವರೆಗೆ ಬಂದು ಐದಕ್ಕೆ ಬಿಟ್ಟರೆ, ಮಧ್ಯೆ ಅರ್ಧ ಗಂಟೆ ಬಿಡುವಿದ್ದರೆ, ಸರಿಯಾಗಿ ಎಂಟು ಗಂಟೆ. ಲೆಕ್ಕದಲ್ಲಿ ನೀವು ಅರ್ಧ ಗಂಟೆ ತಪ್ಪಿದರೂ ಎದುರಿನವರು ಅದನ್ನೇ ಎತ್ತಿ ಆಡುತ್ತಾರೆ.

ಗೇರುಬೀಜದ ಕೆಲಸದಲ್ಲಿ ಕೆಜಿ ಲೆಕ್ಕದ ಕೂಲಿ. "ನಿಮಗೆ ಗಂಟೆ ಎಲ್ಲಿದೆ, ಎಷ್ಟು ಒಡೆದಿರೋ ಅಷ್ಟು ಹಣ" ಅನ್ನುತ್ತಾರೆ. ಅದು ಸರಿಯಲ್ಲ. ಹಳೆಯ ಕಾರ್ಖಾನೆ ಕಾಯ್ದೆ ಇದಕ್ಕೊಂದು ದಾರಿ ತೋರಿಸಿತ್ತು. ಓಟಿ ಮಾಡಿದ ತಿಂಗಳ ಹಿಂದಿನ ತಿಂಗಳಲ್ಲಿ, ಓಟಿ ಬಿಟ್ಟು, ದಿನಕ್ಕೆ ಸರಾಸರಿ ಎಷ್ಟು ದುಡಿದಿರಿ ಅಂತ ನೋಡುವುದು. ಅದನ್ನು ಗಂಟೆಗೆ ಭಾಗಿಸಿ ಎರಡು ಪಟ್ಟು ಮಾಡುವುದು. ನಿಮ್ಮ ಲೆಕ್ಕಕ್ಕೆ ಇದೇ ದಾರಿ ಹಿಡಿಯಿರಿ.

ಓಟಿ ಹಣದ ಬದಲು ಚಹಾ, ಭಜಿ, ಒಂದು ಕಿಲೋ ಬಂಗಡೆ ಕೊಟ್ಟು ಕಳಿಸುವುದನ್ನೂ ನೋಡಿದ್ದೇನೆ. ಕೊಟ್ಟರೆ ತೆಗೆದುಕೊಳ್ಳಿ, ತಪ್ಪಿಲ್ಲ. ಅದು ಕೂಲಿ ಆಗುವುದಿಲ್ಲ ಅಷ್ಟೇ. ಓಟಿ ಹಣ ಬೇಡ ಅಂತ ನಿಮ್ಮಿಂದ ಸಹಿ ಮಾಡಿಸಿಕೊಂಡಿದ್ದರೂ ಆ ಕಾಗದಕ್ಕೆ ಬೆಲೆ ಇಲ್ಲ. ಬರಬೇಕಾದ ಕೂಲಿಯನ್ನು ಬಿಟ್ಟುಕೊಡುವ ಒಪ್ಪಂದ ಕೂಲಿ ಸಂಹಿತೆಯ ಪ್ರಕಾರ ಅಸಿಂಧು.

ಹೆಜ್ಜೆ 4: ‘ಬೇಡ’ ಅನ್ನುವುದು

ಇಲ್ಲೇ ಎಲ್ಲರಿಗೂ ಗಂಟಲು ಕಟ್ಟುವುದು. ನನಗೆ ಚೆನ್ನಾಗಿ ಗೊತ್ತು.

ಮೊದಲು ನಿಮ್ಮೊಳಗೇ ಒಂದು ತೀರ್ಮಾನ ಮಾಡಿಕೊಳ್ಳಿ. ಓಟಿ ಬೇಡವೇ ಬೇಡವೋ, ಅಥವಾ ಡಬಲ್ ಕೊಟ್ಟರೆ ನಿಲ್ಲುತ್ತೀರೋ? ನಮ್ಮಲ್ಲಿ ಓಟಿ ಬೇಕು ಅನ್ನುವವರೇ ಜಾಸ್ತಿ ಇದ್ದರು. ಪಗಾರದಲ್ಲಿ ಮನೆ ನಡೆಯುವುದಿಲ್ಲ, ಅದಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ. ನಿಲ್ಲುವುದಾದರೆ ಡಬಲ್ ಕೇಳಿ. ನಿಲ್ಲಲಾಗದ ದಿನ ನಿಲ್ಲಬೇಡಿ. ಎರಡೂ ನಿಮ್ಮ ಹಕ್ಕು.

ಬೇಡ ಅನ್ನುವ ದಿನ ಬಾಗಿಲ ಹತ್ತಿರ ವಾದಕ್ಕೆ ನಿಲ್ಲಬೇಡಿ. ಪಾಳಿಯ ಕೆಲಸವನ್ನು ಪೂರ್ತಿ ಮುಗಿಸಿ. ಅರ್ಧ ಬಿಟ್ಟು ಹೋದರು ಅನ್ನುವ ಮಾತು ಬರಬಾರದು. ಮುಕಾದಮರ ಹತ್ತಿರ ಮೆತ್ತಗೆ ಹೇಳಿ: "ಅಣ್ಣಾ, ಇವತ್ತು ನಿಲ್ಲೂಕಾಗೂದಿಲ್ಲ. ನಾಳೆ ಹೊತ್ತಿಗೆ ಸರಿಯಾಗಿ ಬರ್ತೆ." ಆಮೇಲೆ ಅದನ್ನೇ ಬರಹದಲ್ಲಿ ಕಳಿಸಿ. ಕಾಗದವಾದರೆ ಎರಡು ಪ್ರತಿ, ಒಂದಕ್ಕೆ ‘ಮುಟ್ಟಿದೆ’ ಅಂತ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕುವುದಿಲ್ಲ ಅಂದರೆ ವಾಟ್ಸಾಪ್ ಮಾಡಿ. ಒಕ್ಕಣೆ ಹೀಗಿದ್ದರೆ ಸಾಕು:

"ವ್ಯವಸ್ಥಾಪಕರಿಗೆ ನಮಸ್ಕಾರ. ನನ್ನ ಪಾಳಿ ಬೆಳಿಗ್ಗೆ 8.30ರಿಂದ ಸಂಜೆ 5ರವರೆಗೆ. ಇಂದು ಪಾಳಿ ಮುಗಿದ ಮೇಲೆ ಹೆಚ್ಚುವರಿ ಕೆಲಸಕ್ಕೆ ನಿಲ್ಲಲು ಹೇಳಿದ್ದೀರಿ. ಇಂದು ನಿಲ್ಲಲು ನನ್ನ ಒಪ್ಪಿಗೆ ಇಲ್ಲ. ನನ್ನ ಪಾಳಿಯ ಕೆಲಸ ಮುಗಿಸಿ ಹೊರಟಿದ್ದೇನೆ. ನಾಳೆ ಬೆಳಿಗ್ಗೆ 8.30ಕ್ಕೆ ಕೆಲಸಕ್ಕೆ ಹಾಜರಾಗುತ್ತೇನೆ."

ಕಾರಣ ಹೇಳಲೇಬೇಕು ಅಂತ ಇಲ್ಲ. ಹೇಳಿದರೆ ನಿಜವಾದದ್ದನ್ನೇ ಹೇಳಿ. ಅಜ್ಜಿಗೆ ಹುಷಾರಿಲ್ಲ ಅಂತ ಸುಮ್ನೆ ಹೇಳಿದರೆ ಮುಂದಿನ ಸಲ ನಿಮ್ಮ ನಿಜವನ್ನೂ ನಂಬುವುದಿಲ್ಲ. ಕೊನೆಯ ಎರಡು ವಾಕ್ಯ ಮಾತ್ರ ಬಿಡಬೇಡಿ. ಕೆಲಸ ಬಿಟ್ಟು ಓಡಿಹೋದರು ಅಂತ ಯಾರಾದರೂ ಬರೆದರೆ ಅದಕ್ಕೆ ಉತ್ತರ ಆ ಎರಡು ವಾಕ್ಯದಲ್ಲಿದೆ.

"ನೇಮಕಾತಿ ಪತ್ರದಲ್ಲಿ ಓಟಿ ಮಾಡುತ್ತೇನೆ ಅಂತ ಸಹಿ ಹಾಕಿದ್ದೀಯಲ್ಲ" ಅನ್ನುತ್ತಾರೆ. ಕೆಲಸಕ್ಕೆ ಸೇರುವ ದಿನ ಹಾಕಿದ ಒಂದು ಸಹಿ ಮುಂದಿನ ಹತ್ತು ವರ್ಷದ ಪ್ರತಿ ಸಂಜೆಗೂ ಒಪ್ಪಿಗೆ ಆಗುತ್ತದೆಯೇ? ಆಗುವುದಾದರೆ ಕಾನೂನಿನಲ್ಲಿ ಒಪ್ಪಿಗೆ ಅನ್ನುವ ಮಾತೇ ಬೇಕಿರಲಿಲ್ಲ. "ಸೇರುವಾಗ ಹಾಕಿದ ಸಹಿ ಇರಬಹುದು, ಇವತ್ತಿಗೆ ನನ್ನ ಒಪ್ಪಿಗೆ ಇಲ್ಲ" ಅಂತ ಬರೆದು ಕೊಡಿ.

"ಸರ್ಕಾರವೇ 144 ಗಂಟೆ ಮಾಡಿದೆ" ಅನ್ನುವುದು ಇನ್ನೊಂದು ಮಾತು. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿದ್ದು ನಿಜ. ಆದರೆ ಮಿತಿ ಅಂದರೆ ಅದಕ್ಕಿಂತ ಮೇಲೆ ಹೋಗಬಾರದು ಅಂತ. ಅಷ್ಟು ಮಾಡಲೇಬೇಕು ಅಂತ ಅಲ್ಲ. ಅದೇ ತಿದ್ದುಪಡಿಯಲ್ಲಿ ದಿನಕ್ಕೆ 12 ಗಂಟೆಯ ಪಾಳಿಗೂ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಅಂತ ಇತ್ತು. ವಾರದ ಒಟ್ಟು 48 ದಾಟುವ ಹಾಗೂ ಇರಲಿಲ್ಲ.

ನಿಜವಾದ ತುರ್ತು ಬೇರೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ರಸ್ತೆ ದಿನಗಟ್ಟಲೆ ಬಂದಾಯಿತು. ಅಂಥ ದಿನ ಮುಂದಿನ ಪಾಳಿಯವರು ಬರಲಿಕ್ಕಾಗದಿದ್ದರೆ, ಬಾಯ್ಲರ್ ಹತ್ತಿರ ಇರುವವರು, ಆಸ್ಪತ್ರೆಯ ವಾರ್ಡಿನಲ್ಲಿ ಇರುವವರು ಬಿಟ್ಟು ಹೋಗಬಾರದು. ನಾನಾದರೆ ನಿಲ್ಲುತ್ತೇನೆ. ಆಮೇಲೆ ಡಬಲ್ ಕೇಳುತ್ತೇನೆ. ಆದರೆ ದಿನಾ ಸಂಜೆ ಬರುವ ಗಾಡಿ ತುರ್ತು ಅಲ್ಲ. ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗೆ ಇಳಿಯುತ್ತವೆ, ಮೀನು ಜಾಸ್ತಿ ಬರುತ್ತದೆ ಅಂತ ಮಾಲೀಕರಿಗೂ ಗೊತ್ತು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಅಂಗಡಿಗಳಿಗೆ ರಾತ್ರಿ ತನಕ ಗಿರಾಕಿ ಇರುತ್ತಾರೆ ಅಂತಲೂ ಎಲ್ಲರಿಗೂ ಗೊತ್ತು. ಮೊದಲೇ ಗೊತ್ತಿರುವ ಕೆಲಸಕ್ಕೆ ಇನ್ನಷ್ಟು ಜನರನ್ನು ತೆಗೆದುಕೊಳ್ಳಬೇಕು, ಇರುವವರ ನಿದ್ದೆ ಕಸಿಯಬಾರದು.

ಹೆಂಗಸರಿಗೆ ಇನ್ನೆರಡು ಮಾತು. ಸಂಜೆ 7ರ ನಂತರ, ಬೆಳಿಗ್ಗೆ 6ಕ್ಕಿಂತ ಮೊದಲು ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಬೇರೆಯಾಗಿ ನಿಮ್ಮ ಒಪ್ಪಿಗೆ ಬೇಕು, ಸುರಕ್ಷತೆಯ ಷರತ್ತುಗಳನ್ನೂ ಪಾಲಿಸಬೇಕು. ಕತ್ತಲಾದ ಮೇಲೆ ಹೆದ್ದಾರಿಯ ಬದಿಗೆ ಬಿಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ. ಮನೆವರೆಗೆ ಗಾಡಿ ಬೇಕು ಅಂತ ಕೇಳಿ. ಬಸುರಿಯಾಗಿದ್ದರೆ, ಹೆರಿಗೆಗೆ ಸುಮಾರು ಹತ್ತು ವಾರ ಇರುವಾಗಿನಿಂದ ತುಂಬಾ ಹೊತ್ತು ನಿಲ್ಲುವ ಕೆಲಸ ಬೇಡ ಅಂತ ಹೇಳುವ ಹಕ್ಕು ಬೇರೆಯೇ ಇದೆ. ಕೇಳಿಕೊಂಡರೆ ಕೊಡಬೇಕು.

ಒಟ್ಟಾಗಿ ಬೇಡ ಅನ್ನುವ ಮೊದಲು

ಇದು ಎಚ್ಚರಿಕೆಯ ಮಾತು. ಇಪ್ಪತ್ತು ಜನ ಮಾತಾಡಿಕೊಂಡು ಒಂದೇ ಸಂಜೆ ಎದ್ದು ಹೊರಟರೆ ಅದನ್ನು ಮುಷ್ಕರ ಅಂತ ಬರೆಯುವ ಸಾಧ್ಯತೆ ಇದೆ. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮುಷ್ಕರಕ್ಕೆ 14 ದಿನದ ನೋಟಿಸು ಬೇಕು. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಮಾತಾಡಿಕೊಂಡು ಒಂದೇ ದಿನ ರಜೆ ಹಾಕಿದರೂ ಮುಷ್ಕರವೇ. ಹಾಗಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಕಾಗದ ತಾವೇ ಕೊಡಿ. ಡಬಲ್ ದರ, ಬಸ್ಸಿನ ಹೊತ್ತು, ವಾರದ ರಜೆ, ಇಂಥ ಬೇಡಿಕೆಗಳನ್ನು ಮಾತ್ರ ಎಲ್ಲರೂ ಸೇರಿ ಒಂದೇ ಪತ್ರದಲ್ಲಿ ಸಹಿ ಮಾಡಿ ಕೊಡಿ. ಹತ್ತಿರದಲ್ಲಿ ಯೂನಿಯನ್ ಇದ್ದರೆ ಹೋಗಿ ಮಾತಾಡಿ. ಬಾಕಿ ಕೂಲಿಯ ಅರ್ಜಿಯನ್ನು ನಿಮ್ಮ ಪರವಾಗಿ ಯೂನಿಯನ್ನೂ ಹಾಕಬಹುದು.

ಹೆಜ್ಜೆ 5: ಮರುದಿನ ಗೇಟಿನಲ್ಲಿ ತಡೆದರೆ

ಬೇಡ ಅಂದ ಮರುದಿನ ಏನಾಗಬಹುದು ಅಂತ ಮುಚ್ಚಿಡುವುದಿಲ್ಲ. ಪಾಳಿ ಬದಲಿಸುತ್ತಾರೆ. ತಣ್ಣನೆಯ ಕೋಣೆಗೆ ಹಾಕುತ್ತಾರೆ. ಮಾತಾಡಿಸುವುದಿಲ್ಲ. ಇಲ್ಲವೇ ಗೇಟಿನಲ್ಲಿ "ಶೇಟ್ರು ಹೇಳಿದಾರೆ, ನಾಳೆಯಿಂದ ಬರೂದು ಬೇಡ" ಅನ್ನುತ್ತಾರೆ.

ಆಗ ಮನೆಗೆ ಹೋಗಿ ಕೂರಬೇಡಿ. ಗೇಟಿನ ಮುಂದೆ ನಿಂತು ಹೊತ್ತು ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ. "ನಾನು 8.25ಕ್ಕೆ ಗೇಟಿಗೆ ಬಂದಿದ್ದೇನೆ. ಒಳಗೆ ಬಿಟ್ಟಿಲ್ಲ. ಕೆಲಸ ಮಾಡಲು ಸಿದ್ಧ ಇದ್ದೇನೆ" ಅಂತ ವ್ಯವಸ್ಥಾಪಕರಿಗೆ ಸಂದೇಶ ಕಳಿಸಿ. ಮರುದಿನವೂ ಹೋಗಿ, ಅದನ್ನೇ ಮಾಡಿ. ಮೂರನೇ ದಿನ ರಿಜಿಸ್ಟರ್ ಪೋಸ್ಟಿನಲ್ಲಿ ಕಾಗದ ಹಾಕಿ. ರಸೀದಿ ಜೋಪಾನ. ರಾಜೀನಾಮೆಗೆ, ಖಾಲಿ ಹಾಳೆಗೆ, ‘ಎಲ್ಲ ಬಾಕಿ ಮುಟ್ಟಿದೆ’ ಅನ್ನುವ ಚೀಟಿಗೆ ಏನೇ ಆದರೂ ಸಹಿ ಹಾಕಬೇಡಿ. ಅಲ್ಲಿ ನಾನು ನೋಡಿದ ದೊಡ್ಡ ನಷ್ಟವೆಲ್ಲ ಹೀಗೆ ಹಾಕಿದ ಸಹಿಯಿಂದಲೇ ಆದದ್ದು.

ಕೆಲಸದಿಂದ ತೆಗೆದರೆ ಬಾಕಿ ಕೂಲಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಹಕ್ಕು ಕೇಳಿದ್ದಕ್ಕೆ ಸೇಡಿನಿಂದ ಕೆಲಸದಿಂದ ತೆಗೆಯುವುದನ್ನು ಕಾನೂನು ಅನುಚಿತ ಕಾರ್ಮಿಕ ಪದ್ಧತಿ ಅಂತ ಹೇಳುತ್ತದೆ. ಅದರ ವಿರುದ್ಧ ಸಂಧಾನಾಧಿಕಾರಿಯ ಮುಂದೆ ದೂರು ಕೊಡಬಹುದು. ಹೆಚ್ಚೆಂದರೆ ಎರಡು ವರ್ಷದೊಳಗೆ. ನನ್ನ ಸಲಹೆ ಕೇಳಿದರೆ ಎರಡು ವಾರದೊಳಗೇ ಕೊಡಿ. ತಡವಾದಷ್ಟೂ ಸಾಕ್ಷಿ ಹೇಳುವವರು ಊರು ಬಿಟ್ಟು ಹೋಗುತ್ತಾರೆ.

ಹೆಜ್ಜೆ 6: ಯಾರ ಬಾಗಿಲು ತಟ್ಟಬೇಕು

ಮೊದಲು ನಿಮ್ಮ ತಾಲೂಕಿನ ಕಾರ್ಮಿಕ ನಿರೀಕ್ಷಕರು. ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಾರವಾರದಲ್ಲಿ ಇರುತ್ತಾರೆ. ಶಿರಸಿ, ಸಿದ್ದಾಪುರ, ಭಟ್ಕಳದವರು ಕಾರವಾರಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದ ಹಾಗೆ. ಅದಕ್ಕೆ ಮೊದಲು ಕಾರ್ಮಿಕ ಸಹಾಯವಾಣಿ 155214ಕ್ಕೆ ಫೋನ್ ಮಾಡಿ, ಯಾವ ಕಚೇರಿ, ಯಾರನ್ನು ಕಾಣಬೇಕು ಅಂತ ಕೇಳಿಕೊಂಡೇ ಹೊರಡಿ. ಕಾರ್ಖಾನೆಯಾದರೆ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಗೂ ಒಂದು ಪ್ರತಿ ಕಳಿಸಿ.

ವಕೀಲರಿಗೆ ಕೊಡಲು ಹಣ ಇಲ್ಲ ಅಂತ ಹಿಂದೆ ಸರಿಯಬೇಡಿ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ವಕೀಲರನ್ನು ಪುಕ್ಕಟೆಯಾಗಿ ಕೊಡುತ್ತಾರೆ. 1987ರ ಕಾನೂನಿನಲ್ಲೇ ಹಾಗಿದೆ. ಸಹಾಯವಾಣಿ 15100.

ಅರ್ಜಿ ಒಂದೂವರೆ ಪುಟ ದಾಟಬಾರದು. ನಿಮ್ಮ ಹೆಸರು, ಎಲ್ಲಿ ಕೆಲಸ, ಯಾವಾಗಿನಿಂದ, ಪಗಾರ ಎಷ್ಟು. ಪಾಳಿಯ ಹೊತ್ತು. ಎಷ್ಟು ತಿಂಗಳಿಂದ ಎಷ್ಟು ಗಂಟೆ ಓಟಿ, ಏನು ಕೊಟ್ಟರು, ಏನು ಕೊಡಬೇಕಿತ್ತು. ಬೇಡ ಅಂದ ದಿನ ಏನಾಯಿತು. ಸಿಟ್ಟು, ಶಾಪ ಬೇಡ. ಕೆಳಗೆ ತಿಂಗಳವಾರು ಲೆಕ್ಕದ ಒಂದು ಹಾಳೆ ಲಗತ್ತಿಸಿ. ಡೈರಿಯ, ಕ್ಯಾಲೆಂಡರಿನ ಜೆರಾಕ್ಸ್ ಮಾತ್ರ ಕೊಡಿ. ಅಸಲು ನಿಮ್ಮ ಮನೆಯಲ್ಲೇ ಇರಲಿ. ಅರ್ಜಿಯ ನಿಮ್ಮ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಬಾಕಿ ಕೂಲಿಯ ಅರ್ಜಿಯನ್ನು ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಸಂಹಿತೆಯಲ್ಲಿದೆ. ಮೊಹರಿನ ದಿನಾಂಕದಿಂದ ಎಣಿಸಿ, ತಿಂಗಳಿಗೊಮ್ಮೆ ಫೋನ್ ಮಾಡಿ ಎಲ್ಲಿಗೆ ಬಂತು ಅಂತ ಕೇಳಿ.

ವಿಚಾರಣೆಯ ದಿನ ಗೋಡೆಯ ಮೇಲಿನ ಕ್ಯಾಲೆಂಡರನ್ನೇ ಬಿಚ್ಚಿಕೊಂಡು ಹೋಗಿ. ಮಳೆಗಾಲವಾದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಅಕ್ಕ ಹಾಗೆಯೇ ತಂದಿದ್ದರು.